ತೀರಿಕೊಂಡವರ ಲೆಕ್ಕ



ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಒಬ್ಬ ನಿವೃತ್ತ ಮೇಷ್ಟ್ರು. ತೀರಿಹೋದ ಹೆಂಡತಿಯ ನೆನಪಿಗೆಂದು ತಮ್ಮ ಪಿಂಚಣಿಯ ಬಾಕಿ ಹಣವನ್ನು ಠೇವಣಿ ಇಟ್ಟು, ದತ್ತಿಪತ್ರದಲ್ಲಿ ಒಂದು ಸಾಲು ಬರೆಸಿದ್ದಾರೆ: ಉಪನ್ಯಾಸಕ್ಕೆ ಮೊದಲು ಪ್ರಾರ್ಥನೆ ಇರಬಹುದು, ಇಲ್ಲದೆಯೂ ಇರಬಹುದು, ಅದು ಆ ದಿನ ಬಂದವರ ಇಷ್ಟ. ಇವತ್ತು ಪ್ರಾರ್ಥನೆ ಆಯಿತು, ಆ ಹುಡುಗಿ ಚೆನ್ನಾಗಿ ಹಾಡಿದಳು. ಆದರೆ ನನ್ನ ವಿಷಯ ನಿಶ್ಚಯವಾದದ್ದು ತಿಂಗಳ ಹಿಂದೆ, ಆ ಸಾಲನ್ನು ಓದಿದಾಗ. ಹೆಂಡತಿಯ ನೆನಪಿನ ಕಾಗದದಲ್ಲಿ ಇಂಥ ಮಾತು ಬರೆಸಬೇಕಾದರೆ ಆ ಮನೆಯಲ್ಲಿ ಇಬ್ಬರ ನಡುವೆ ಒಂದು ಚರ್ಚೆ ಬಹಳ ವರ್ಷ ನಡೆದಿರಬೇಕು ಅನ್ನಿಸಿತು. ನಮ್ಮ ಮನೆಯಲ್ಲೂ ನಡೆದಿತ್ತು.

ನಮ್ಮೂರು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಶಾಲಾ ಮೇಷ್ಟ್ರು. ದೇವರಿದ್ದಾನೆ ಎಂದು ಅವರಿಗೆ ಎಂದೂ ಅನ್ನಿಸಲಿಲ್ಲ. ಅಮ್ಮನಿಗೆ ದೇವರಿಲ್ಲದ ಗಳಿಗೆಯೇ ಇರಲಿಲ್ಲ. ಬೆಳಗ್ಗೆ ಬಾಗಿಲಿಗೆ ನೀರು ಹಾಕುವುದರಿಂದ ಹಿಡಿದು ರಾತ್ರಿ ಚಾಪೆಯ ಮೇಲೆ 'ಶಿವನೇ' ಎಂದು ಮೈಚೆಲ್ಲುವವರೆಗೆ ಅವಳ ದಿನವೆಲ್ಲ ಅವನ ಜೊತೆಗಿನ ಮಾತುಕತೆ. ಹೀಗಿದ್ದೂ ಇಬ್ಬರೂ ಐವತ್ತೆರಡು ವರ್ಷ ಒಂದೇ ಒಲೆಯ ಅನ್ನ ಉಂಡರು. 1998ರಲ್ಲಿ ಅಪ್ಪ ತೀರಿಕೊಂಡರು. ಅಮ್ಮ ಆಮೇಲೆ ಒಂಬತ್ತು ವರ್ಷ ಇದ್ದಳು.

ತೀರಿಕೊಂಡರು ಎಂದೆ. ದಿನವೂ ಆಡುವ ಮಾತಾದ್ದರಿಂದ ನಾವದನ್ನು ನಿಂತು ನೋಡುವುದಿಲ್ಲ. ಸಾವಿಗೆ ಕನ್ನಡದಲ್ಲಿ ಮಾತು ಹೇರಳ. ಶಿವೈಕ್ಯರಾದರು, ಲಿಂಗೈಕ್ಯರಾದರು, ವೈಕುಂಠವಾಸಿಗಳಾದರು, ದೈವಾಧೀನರಾದರು: ಇವು ನಂಬಿದವರ ಮಾತುಗಳು, ಹೋದವರಿಗೆ ಹೋಗಿ ಸೇರುವುದಕ್ಕೊಂದು ಜಾಗವಿದೆ ಎನ್ನುತ್ತವೆ. 'ಮಣ್ಣಿಗೆ ಹೋಗಿದ್ದೆ' ಎಂದು ನಮ್ಮ ಕಡೆಯವರು ಹೇಳಿದರೆ ಶವಸಂಸ್ಕಾರಕ್ಕೆ ಹೋಗಿದ್ದರು ಎಂದು ತಿಳಿಯಬೇಕು. ಆ ಮಾತಿನಲ್ಲಿ ದೇವರೂ ಇಲ್ಲ, ಪರಲೋಕವೂ ಇಲ್ಲ, ಮಣ್ಣೊಂದೇ. 'ಕಾಲವಾದರು' ಎಂಬ ಮಾತನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ನಮ್ಮೆದುರು ಕೂತು ಮಜ್ಜಿಗೆ ಕುಡಿದಿದ್ದವರು ಕಾಲವೇ ಆಗಿಬಿಟ್ಟರಂತೆ! ಇಷ್ಟೆಲ್ಲ ಇದ್ದರೂ ಆಸ್ತಿಕರ ಮನೆಯಲ್ಲೂ ನಾಸ್ತಿಕರ ಮನೆಯಲ್ಲೂ ಬಾಯಿಗೆ ಮೊದಲು ಬರುವುದು 'ತೀರಿಕೊಂಡರು' ಎಂಬುದೇ. ಸಾಲ ತೀರುತ್ತದೆ, ಹರಕೆ ತೀರುತ್ತದೆ, ಮನುಷ್ಯರೂ ತೀರುತ್ತಾರೆ. ಹೆಣದ ಪಕ್ಕ ಕೂತವರು 'ಈ ಮನೆಯ ಅನ್ನದ ಋಣ ಇಷ್ಟೇ ಇತ್ತು' ಎಂದು ನಿಟ್ಟುಸಿರು ಬಿಡುತ್ತಾರೆ. ಬದುಕನ್ನು ನಮ್ಮ ನುಡಿ ಒಂದು ಸಾಲವೆಂದೇ ಕಂಡಿದೆ. ಅದು ಯಾರಿಂದ ಪಡೆದದ್ದು, ಯಾರಿಗೆ ತೀರಿಸಬೇಕು, ತೀರಿಸದೆ ಸತ್ತರೆ ಏನಾಗುತ್ತದೆ ಎಂದು ಕೇಳಿದಾಗ ದೇವರನ್ನು ನಂಬುವವರ ದಾರಿಯೂ ನಂಬದವರ ದಾರಿಯೂ ಕವಲಾಗುತ್ತವೆ. ನಾನಿವತ್ತು ಆ ಕವಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆಂದಿದ್ದೇನೆ.

ಋಣದ ಈ ಮಾತು ಬಹಳ ಹಳೆಯದು. ಬ್ರಾಹ್ಮಣನಾದವನು ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಸಾಲಗಾರನಾಗಿ ಹುಟ್ಟುತ್ತಾನೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ. ಓದಿನಿಂದ, ಯಜ್ಞದಿಂದ, ಸಂತಾನದಿಂದ ಅವು ತೀರಬೇಕು. ಶತಪಥ ಬ್ರಾಹ್ಮಣ ನಾಲ್ಕನೆಯದೊಂದನ್ನು ಸೇರಿಸಿತು, ಅದು ಮನುಷ್ಯರ ಋಣ. ಮನೆಗೆ ಬಂದವರಿಗೆ ಇರಲು ಜಾಗ, ಉಣ್ಣಲು ಅನ್ನ ಕೊಟ್ಟು ತೀರಿಸುವಂಥದು. ಈ ನಾಲ್ಕನೆಯದರ ಮೇಲೆ ನನಗೆ ಬಹಳ ಪ್ರೀತಿ. ಪಟ್ಟಿಯಿಂದ ದೇವತೆಗಳನ್ನು ಅಳಿಸಿಹಾಕಿದರೂ ಇದು ಉಳಿಯುತ್ತದೆ.

ಉಳಿಯುವುದಿಲ್ಲ ಎಂಬುದು ಆಸ್ತಿಕರ ಹಳೆಯ ದೂರು. ವಿಜಯನಗರದ ಕಾಲದಲ್ಲಿ, 14ನೆಯ ಶತಮಾನದಲ್ಲಿ, ಮಾಧವನ ಹೆಸರಿನಲ್ಲಿ ಹೊರಬಂದ 'ಸರ್ವದರ್ಶನಸಂಗ್ರಹ'ದ ಮೊದಲ ಅಧ್ಯಾಯವೇ ಚಾರ್ವಾಕರದು. ಸಾಲ ಮಾಡಿಯಾದರೂ ತುಪ್ಪ ತಿನ್ನು, ಸುಟ್ಟು ಬೂದಿಯಾದ ಮೈ ತಿರುಗಿ ಬರುವುದಿಲ್ಲ ಎನ್ನುವವರು ಎಂದು ಅವರು ನಮಗೆಲ್ಲ ಗೊತ್ತಿರುವುದು ಇಂಥ ಗ್ರಂಥಗಳಿಂದ. ಇದನ್ನು ಬರೆದಿಟ್ಟವರು ಚಾರ್ವಾಕರನ್ನು ಖಂಡಿಸಲು ಹೊರಟವರು. ಚಾರ್ವಾಕರ ಮೂಲ ಸೂತ್ರಗಳು ನಮಗೆ ಸಿಕ್ಕಿಲ್ಲ. ಆರೋಪವಾಗಿ ಆ ಖಂಡಿಸುವವರು ಆರಿಸಿಕೊಂಡ ಉದಾಹರಣೆಯನ್ನು ಗಮನಿಸಿ. ನಾಸ್ತಿಕ ಕೊಲೆ ಮಾಡುತ್ತಾನೆ, ಸುಳ್ಳು ಹೇಳುತ್ತಾನೆ ಎನ್ನಲಿಲ್ಲ. ಸಾಲ ತೀರಿಸುವುದಿಲ್ಲ ಎಂದರು. ಮೇಲೆ ಲೆಕ್ಕ ಕೇಳುವವನಿಲ್ಲ ಎಂದಮೇಲೆ ಕೆಳಗೆ ಯಾಕೆ ಲೆಕ್ಕ ಇಡುತ್ತಾನೆ ಎಂಬುದು ಅವರ ಅನುಮಾನ.

ನಮ್ಮಪ್ಪನ ಹತ್ತಿರ ಒಂದು ಕೈಗಡದ ಪುಸ್ತಕವಿತ್ತು. ಅದರ ಮಾತು ಆಮೇಲೆ.

ನಮ್ಮೂರಿಗೆ ಶ್ರವಣಬೆಳಗೊಳ ಹತ್ತಿರ. ಹೋದವರೆಲ್ಲ ದೊಡ್ಡ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿದರೆ ಅಪ್ಪ ನನ್ನನ್ನು ಕರೆದೊಯ್ಯುತ್ತಿದ್ದುದು ಎದುರಿನ ಚಿಕ್ಕ ಬೆಟ್ಟಕ್ಕೆ, ಚಂದ್ರಗಿರಿಗೆ. ಬಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಕೊರೆದ ಅಕ್ಷರಗಳ ಮೇಲೆ ನನ್ನ ಬೆರಳಿಡಿಸಿ, 'ಇದು ಕನ್ನಡ ಕಣೇ' ಎನ್ನುತ್ತಿದ್ದರು. ಬಿ. ಎಲ್. ರೈಸ್ 1889ರಲ್ಲಿ ಈ ಶಾಸನಗಳನ್ನು ಅಚ್ಚು ಮಾಡಿಸಿದರು; ಷ. ಶೆಟ್ಟರ್ ಇವುಗಳ ಬೆನ್ನುಹತ್ತಿ ಜೈನರ ಸಾವಿನ ಕುರಿತು ಇಂಗ್ಲಿಷಿನಲ್ಲಿ ಎರಡು ದೊಡ್ಡ ಗ್ರಂಥಗಳನ್ನೇ ಬರೆದರು. ಅಲ್ಲಿನ ಅತಿ ಹಳೆಯ ಶಾಸನ ಸುಮಾರು 600ರದು. ಅದರ ನಂತರದ ನೂರು ವರ್ಷಗಳಲ್ಲಿ ಒಂದರ ಪಕ್ಕ ಒಂದು ನಿಸಿದಿ ಶಾಸನಗಳು, ಅನ್ನ ನೀರು ಬಿಟ್ಟು ಸಲ್ಲೇಖನದಿಂದ ದೇಹ ಬಿಟ್ಟವರ ಹೆಸರುಗಳು. ಕನ್ನಡದ ಅತಿ ಹಳೆಯ ಪದ್ಯಗಳಲ್ಲಿ ಕೆಲವು ಈ ಬಂಡೆಗಳ ಮೇಲಿವೆ. ನಂದಿಸೇನನೆಂಬ ಮುನಿಯ ಶಾಸನವನ್ನು ಅಪ್ಪ ನನಗೆ ಅರ್ಥ ಮಾಡಿ ಹೇಳಿದ್ದು ನೆನಪಿದೆ. ರೂಪವೂ ಸಿರಿಯೂ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ಬೇಗ ಕರಗುವಂಥವು ಎಂದು ಕಂಡು ಆತ ಹೊರಟನಂತೆ. ನಮ್ಮ ಭಾಷೆ ಕಾವ್ಯ ಕಲಿತದ್ದು ಸತ್ತವರ ತಲೆದೆಸೆಯಲ್ಲಿ ಕೂತು ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಅದು ಅತಿಶಯವೇನೂ ಅಲ್ಲ.

ಚಂದ್ರಗಿರಿಯನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ಜಗತ್ತನ್ನು ಸೃಷ್ಟಿ ಮಾಡಿದ ದೇವರನ್ನು ಜೈನದರ್ಶನ ಒಪ್ಪುವುದಿಲ್ಲ. ಜಿನನಿಗೆ ಪೂಜೆಯುಂಟು, ಆದರೆ ಆತ ವರ ಕೊಡುವವನಲ್ಲ, ಪಾಪ ಮನ್ನಿಸುವವನೂ ಅಲ್ಲ. ಜೀವ ತಾನು ಮೆತ್ತಿಕೊಂಡ ಕರ್ಮವನ್ನು ತಾನೇ ಉದುರಿಸಿಕೊಳ್ಳಬೇಕು. ಆದ್ದರಿಂದ ಸಲ್ಲೇಖನಕ್ಕೆ ಕೂರುವ ಮುನ್ನ ಮಾಡಬೇಕಾದ ಒಂದು ಕೆಲಸವನ್ನು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ವಿಧಿಸುತ್ತದೆ. ಸ್ನೇಹ, ವೈರ, ನಂಟು, ಆಸ್ತಿ ಎಲ್ಲವನ್ನೂ ಬಿಟ್ಟು, ಬಂಧುಗಳನ್ನೂ ಪರಿಜನರನ್ನೂ ಒಳ್ಳೆಯ ಮಾತಿನಿಂದ ಕ್ಷಮಿಸಿ, ಅವರಿಂದ ತಾನೂ ಕ್ಷಮೆ ಕೇಳಬೇಕು. ಮೇಲೆ ಮನ್ನಿಸುವವನಿಲ್ಲದ ಕಡೆ ಮನುಷ್ಯ ಮನುಷ್ಯನ ಮುಂದೆಯೇ ಕೈಮುಗಿಯಬೇಕಾಗುತ್ತದೆ. ಚಿಕ್ಕ ಬೆಟ್ಟದ ಮೇಲೆ ಅಪ್ಪ ನನಗೆ ಇದನ್ನು ಹೇಳಿದ್ದರು. ಹೇಳುವಾಗ ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಇದೇ ಬೆಳಗೊಳದ ಶಾಸನಗಳಲ್ಲಿ ಇನ್ನೊಂದು ಮನೆಯ ಕಥೆಯಿದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ತಂದೆ ಮಾರಸಿಂಗಯ್ಯ ಶಿವಭಕ್ತ, ತಾಯಿ ಮಾಚಿಕಬ್ಬೆ ಜೈನಳು. 1131ರಲ್ಲಿ ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳಿಲ್ಲದ ಮೇಲೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಪ್ರಾಣ ಬಿಟ್ಟಳೆಂದು ಶಾಸನ ಹೇಳುತ್ತದೆ. ಒಂದು ಮನೆಯಲ್ಲಿ ಎರಡು ನಂಬಿಕೆ, ಒಂದೇ ದುಃಖ. ಆ ತಾಯಿ ಕಣ್ಣು ಅರೆಮುಚ್ಚಿ ಕೂತಿದ್ದ ಆ ಮೂವತ್ತು ದಿನ ಅವಳಿಗೆ ಎಂಥವಾಗಿದ್ದವು ಎಂದು ಶಾಸನ ಬರೆಯುವುದಿಲ್ಲ, ಬರೆಯಲೂ ಆಗದು. ಇಂಥ ಸಾವು ವ್ರತವೋ ಆತ್ಮಹತ್ಯೆಯೋ ಎಂದು ನಮ್ಮ ಕಾಲದಲ್ಲೂ ಜಗಳವಾಯಿತು. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಅಪರಾಧವೆಂದಿತು, ಅದೇ ತಿಂಗಳ ಕೊನೆಯ ದಿನ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಕಾನೂನಿನ ಆ ಜಗಳದೊಳಕ್ಕೆ ನಾನು ಹೋಗುವುದಿಲ್ಲ.

ಮನೆಗೆ ಬರುತ್ತೇನೆ. ನಮ್ಮ ಮನೆಯ ಗೋಡೆಗೂಡಿನಲ್ಲಿ ಎರಡು ಪುಸ್ತಕ ಒಂದಕ್ಕೊಂದು ಆತುಕೊಂಡಿದ್ದವು. ಅಮ್ಮನದು ಡಿವಿಜಿಯವರ 'ಮಂಕುತಿಮ್ಮನ ಕಗ್ಗ', ಅಪ್ಪನದು ಎ. ಎನ್. ಮೂರ್ತಿರಾಯರ 'ದೇವರು'. ಕಗ್ಗ ಮೊದಲು ಬಂದದ್ದು 1943ರಲ್ಲಿ. ಅದರ 945 ಪದ್ಯಗಳಲ್ಲಿ ಅಮ್ಮನಿಗೆ ನೂರಕ್ಕೂ ಹೆಚ್ಚು ಬಾಯಿಗೆ ಬರುತ್ತಿದ್ದವು; ರಾಗಿ ಬೀಸುವಾಗ ಹೇಳಿಕೊಳ್ಳುತ್ತಿದ್ದಳು. 'ದೇವರು' ಬಂದದ್ದು 1991ರಲ್ಲಿ, ಅಕ್ಕಿಹೆಬ್ಬಾಳಿನ ಮೂರ್ತಿರಾಯರಿಗೆ ಆಗ ತೊಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ಬಹುಮಂದಿ ಅದುವರೆಗೆ ನಂಬದಿದ್ದುದನ್ನೂ ಒಂದಿಷ್ಟು ನಂಬಿ ನೋಡೋಣ ಎನ್ನುತ್ತಾರೆ. ಅವರು ಸಾವನ್ನು ಬಾಗಿಲಲ್ಲೇ ಇಟ್ಟುಕೊಂಡು, ಸರ್ವಶಕ್ತನೂ ದಯಾಮಯನೂ ಆದ ಒಬ್ಬನ ಲೋಕದಲ್ಲಿ ಇಷ್ಟು ನೋವು ಏಕೆ ಎಂದು ಕೇಳುತ್ತ ಒಂದು ಇಡೀ ಪುಸ್ತಕ ಬರೆದರು, ಅದೂ ಪ್ರಬಂಧಕಾರನ ಮೆಲುದನಿಯಲ್ಲಿ. ಆ ಪುಸ್ತಕಕ್ಕೆ ಪಂಪ ಪ್ರಶಸ್ತಿ ಬಂತು. 2003ರಲ್ಲಿ, 103ನೆಯ ವಯಸ್ಸಿನಲ್ಲಿ ಮೂರ್ತಿರಾಯರು ಕಾಲವಾದರು.

ಎರಡನ್ನೂ ಓದಿದವಳಾಗಿ ಹೇಳುತ್ತೇನೆ, ಕಗ್ಗ ನಾವು ತಿಳಿದಷ್ಟು ಗಟ್ಟಿ ಆಸ್ತಿಕರ ಪುಸ್ತಕವಲ್ಲ. ಅದರ ಬಾಗಿಲಲ್ಲೇ ಶರಣಾಗತಿಯಿದೆ, ಆದರೆ ಆ ಶರಣಾಗತಿಗೆ ಒಂದು ಷರತ್ತಿದೆ. ಇದೆಯೋ ಇಲ್ಲವೋ ತಿಳಿಯಲು ಬಿಡದ ಒಂದು ವಸ್ತು ಜಗತ್ತಾಗಿ ಜೀವವಾಗಿ ಆಡುತ್ತಿದೆ ಎಂಬುದು ನಿಜವೇ ಆಗಿದ್ದರೆ ಅದಕ್ಕೆ ಶರಣು ಎಂಬಂಥ ಧಾಟಿ. ಆ 'ಆಗಿದ್ದರೆ' ಎಂಬುದರ ಮೇಲೆ ಅಪ್ಪ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಅಮ್ಮ ಅದನ್ನು ನೋಡಿ ಕೋಪಿಸಿಕೊಳ್ಳಲಿಲ್ಲ. 'ಆಗಿದ್ರೆ ಅಂತ ಇರೋದ್ರಿಂದಲೇ ಅಲ್ವ, ಶರಣು ಅನ್ನೋದು? ಕಣ್ಣಿಗೆ ಕಾಣೋ ಹಾಗಿದ್ದಿದ್ರೆ ನಮಸ್ಕಾರ ಅಂತಿದ್ವಿ' ಎಂದಳು. ಮೂರನೇ ಕ್ಲಾಸು ಓದಿದ್ದ ಅಮ್ಮನ ಈ ಮಾತನ್ನು ನಾನು ಯಾವ ತತ್ತ್ವಶಾಸ್ತ್ರದ ಪುಸ್ತಕದಲ್ಲೂ ಮತ್ತೆ ಕಂಡಿಲ್ಲ.

ಇನ್ನು ಕಷ್ಟದ ಮಾತು.

1957ರಲ್ಲಿ ನನ್ನ ತಮ್ಮ, ಎಂಟು ತಿಂಗಳ ಕೂಸು, ಮೂರು ದಿನದ ಜ್ವರದಲ್ಲಿ ಹೋಯಿತು. ಹಸುಗೂಸಿಗೆ ನಮ್ಮಲ್ಲಿ ಹಾಲುತುಪ್ಪವಿಲ್ಲ, ತಿಥಿಯಿಲ್ಲ. ಹೊಲದ ಬದುವಿನಲ್ಲಿ ಹೂತು ಕೈ ತೊಳೆದುಕೊಂಡು ಬಂದರೆ ಮುಗಿಯಿತು. ಅಮ್ಮ ಒಂದು ತಿಂಗಳು ಮಾತಾಡಲಿಲ್ಲ. ಅವಳನ್ನು ಎಬ್ಬಿಸಿದ್ದು ಒಂದು ನಂಬಿಕೆ. ಕೂಸು ಶಿವನ ಹತ್ತಿರ ಆಡಿಕೊಂಡಿದೆ, ತಾನು ಹೋದಾಗ ಓಡಿಬಂದು ಸೆರಗು ಹಿಡಿಯುತ್ತದೆ ಎಂದು ಅವಳಿಗೆ ಹೇಗೋ ನಿಶ್ಚಯವಾಯಿತು. ಆಮೇಲೆ ಎದ್ದಳು, ಒಲೆ ಹಚ್ಚಿದಳು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ದೊಡ್ಡ ಎಲೆಗಳ ಪಕ್ಕ ಅಂಗೈಯಗಲದ ಬಾಳೆಎಲೆ ಚೂರಿನಲ್ಲಿ ಒಂದು ಒಳಲೆ ಹಾಲಿಡುತ್ತಿದ್ದಳು. ಶಾಸ್ತ್ರದಲ್ಲಿಲ್ಲದ ಆ ಎಡೆಯನ್ನು ಊರಿನ ಹಿರಿಯರು ಆಕ್ಷೇಪಿಸಿದರೂ ಬಿಡಲಿಲ್ಲ. ಅಪ್ಪನ ಹತ್ತಿರ ಅವಳಿಗೆ ಕೊಡಲು ಏನೂ ಇರಲಿಲ್ಲ. ಅವರು ಹೊಲಕ್ಕೆ ಹೋಗಿ ಆ ಬದುವಿನ ಹತ್ತಿರ ಕೂತು ಬರುತ್ತಿದ್ದರು. ಅವರ ಪಾಲಿಗೆ ಮಗು ಎಲ್ಲೂ ಇರಲಿಲ್ಲ. ನಾಸ್ತಿಕತೆ ಮನುಷ್ಯನಿಗೆ ಎಷ್ಟು ಒಂಟಿತನ ಕೊಡಬಲ್ಲದೆಂದು ನಾನು ನೋಡಿದ್ದೇನೆ. ವಾದದಲ್ಲಿ ಗೆದ್ದವರು ಅಪ್ಪನೇ ಇರಬಹುದು. ಆ ವರ್ಷ ಮನೆಯನ್ನು ನಿಲ್ಲಿಸಿದ್ದು ಅಮ್ಮನ ನಂಬಿಕೆ.

ಇದನ್ನು ಹೇಳಿ, ಅದೇ ತಿಂಗಳಲ್ಲಿ ನಡೆದ ಇನ್ನೊಂದನ್ನು ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ನೋಡಲು ಬಂದ ನೆಂಟರೊಬ್ಬರು ಅಮ್ಮನಿಗೆ ಕೇಳಿಸುವಂತೆ, 'ಹಿಂದಿನ ಜನ್ಮದಲ್ಲಿ ಯಾರ ಕೂಸನ್ನು ಅಗಲಿಸಿದ್ದಳೋ' ಎಂದರು. ಕೆಟ್ಟವರಲ್ಲ, ಸಮಾಧಾನದ ಮಾತೆಂದೇ ಆಡಿದರು. ಎಲ್ಲಕ್ಕೂ ಲೆಕ್ಕವಿದೆ ಎಂಬ ನಂಬಿಕೆಯ ಇನ್ನೊಂದು ಮುಖ ಅದು. ಲೆಕ್ಕ ಸರಿಯಿರಬೇಕಾದರೆ ನೋವುಂಡವರೇ ಎಲ್ಲೋ ತಪ್ಪು ಮಾಡಿರಬೇಕು. ಹುಟ್ಟಿನಿಂದ ಕೀಳೆನ್ನಿಸಿಕೊಂಡವರಿಗೆ, ಅಂಗವಿಲ್ಲದವರಿಗೆ, ವಿಧವೆಯರಿಗೆ ಈ ನಾಡು ಶತಮಾನಗಳಿಂದ ಇದೇ ಉತ್ತರ ಕೊಟ್ಟಿದೆ. ಅಪ್ಪನ ಕಣ್ಣಲ್ಲಿ ನಾನು ಸಿಟ್ಟು ಕಂಡದ್ದು ಅಪರೂಪ. ಆ ದಿನ ಅವರು ನೆಂಟರಿಗೆ, 'ನನ್ನ ಹೆಂಡತಿ ಯಾರಿಗೂ ಏನೂ ಮಾಡಿಲ್ಲ. ಈ ಊರಲ್ಲಿ ಡಾಕ್ಟರಿಲ್ಲ, ಅದಕ್ಕೆ ಸತ್ತಿತು' ಎಂದರು. ಅಮ್ಮ ಮುಂದೆ ಎಷ್ಟೋ ಸಲ ಈ ಮಾತನ್ನು ನೆನೆಸಿಕೊಂಡು, 'ಅವತ್ತು ನಿಮ್ಮಪ್ಪ ನನ್ನ ಉಳಿಸಿದ್ರು' ಎನ್ನುತ್ತಿದ್ದಳು. ಕೂಸು ಶಿವನ ಹತ್ತಿರವಿದೆ ಎಂಬುದು ಅವಳಿಗೆ ಬೇಕಿತ್ತು. ಅದು ಸತ್ತದ್ದು ತನ್ನ ಪಾಪದಿಂದಲ್ಲ ಎಂಬುದೂ ಬೇಕಿತ್ತು. ಒಂದನ್ನು ನಂಬಿಕೆ ಕೊಟ್ಟಿತು, ಇನ್ನೊಂದನ್ನು ಅಪನಂಬಿಕೆ ಕೊಟ್ಟಿತು.

ಕೂಸಿನ ಸಾವನ್ನು ನೋಡಿದವರಿಗೆ ಜೀವನದ ಅರ್ಥವೇನು ಎಂಬ ಪ್ರಶ್ನೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಹಿರಿಯರು 'ಅರ್ಥ' ಎಂದು ಕೇಳುತ್ತಿರಲಿಲ್ಲ, 'ಸಾರ್ಥಕ' ಎನ್ನುತ್ತಿದ್ದರು. ಮಗಳ ಮದುವೆಯಾಯಿತು, ಜನ್ಮ ಸಾರ್ಥಕ. ಕೆರೆ ತುಂಬಿತು, ಊರು ಹುಟ್ಟಿದ್ದು ಸಾರ್ಥಕ. ಅರ್ಥವೆಂದರೆ ಎಲ್ಲೋ ಬರೆದಿಟ್ಟಿರುವುದನ್ನು ನಾವು ಓದಬೇಕು. ಸಾರ್ಥಕವೆಂದರೆ ಇಲ್ಲಿ ನಮ್ಮ ಕೈಯಿಂದ ಆಗಬೇಕು. ದೇವರನ್ನು ನಂಬದ ಶಿವರಾಮ ಕಾರಂತರು ಬಾಳನ್ನು ಹೀಗೆಯೇ ಕಂಡರು. ಅವರ 'ಅಳಿದ ಮೇಲೆ' ಕಾದಂಬರಿ ಬಂದದ್ದು 1960ರಲ್ಲಿ. ಮುಂಬಯಿಯಲ್ಲಿ ಯಶವಂತರಾಯನೆಂಬ ಒಬ್ಬಂಟಿ ತೀರಿಕೊಳ್ಳುತ್ತಾನೆ; ರೈಲಿನಲ್ಲಿ ಪರಿಚಯವಾದ ನಿರೂಪಕನ ಪಾಲಿಗೆ ಅವನ ದಿನಚರಿಗಳೂ ಒಂದಿಷ್ಟು ಹಣವೂ ಬರುತ್ತವೆ. ಆ ಹಣ ಯಾರಿಗೆ ಸಲ್ಲಬೇಕೆಂದು ಹುಡುಕುತ್ತ ನಿರೂಪಕ ಸತ್ತವನ ಬದುಕನ್ನು ಹಿಂದಕ್ಕೆ ನಡೆದು ಹೋಗುತ್ತಾನೆ. ಲೋಕದಿಂದ ತೆಗೆದುಕೊಂಡದ್ದಕ್ಕಿಂತ ಕೊಟ್ಟದ್ದು ಕಡಿಮೆಯಾಗಬಾರದು ಎಂಬ ಒಂದೇ ಚಿಂತೆ ಯಶವಂತರಾಯನದು. ಆತ ಸತ್ತ ಮೇಲೆ ಎಲ್ಲಿಗೆ ಹೋದ ಎಂದು ಕಾದಂಬರಿ ಕೇಳುವುದಿಲ್ಲ. ಆತ ಯಾರಲ್ಲಿ ಏನು ಬಿಟ್ಟುಹೋದ ಎಂದಷ್ಟೇ ಕೇಳುತ್ತದೆ. ಚಾರ್ವಾಕರ ಮೇಲೆ ಹೊರಿಸಿದ ತುಪ್ಪದ ಸಾಲಕ್ಕೆ ಕನ್ನಡ ಕೊಟ್ಟ ಉತ್ತರವೆಂದು ನಾನು ಈ ಕಾದಂಬರಿಯನ್ನು ಓದುತ್ತೇನೆ. ಬದುಕಿನಲ್ಲಿ ಆ ಉತ್ತರ ಕೊಟ್ಟವರೂ ಇದ್ದಾರೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದು, ಪರಮಾಣು ಭೌತವಿಜ್ಞಾನದಲ್ಲಿ ಅಮೆರಿಕದ ಡಾಕ್ಟರೇಟ್ ಪಡೆದು, ವಿಶ್ವವಿದ್ಯಾಲಯದ ಕುಲಪತಿಯಾಗಿ, 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದ ಎಚ್. ನರಸಿಂಹಯ್ಯನವರು ಖಾದಿ ಉಟ್ಟು ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಮುಗಿಸಿದರು.

ಸಾರ್ಥಕದ ಈ ಮಾತಿನ ಅತ್ಯಂತ ಬಿಗಿಯಾದ ರೂಪವನ್ನು ನಾನು ಕಂಡದ್ದು ಲಾಹೋರಿನ ಸೆರೆಮನೆಯಿಂದ ಬಂದ ಒಂದು ಲೇಖನದಲ್ಲಿ. 1930ರ ಅಕ್ಟೋಬರಿನಲ್ಲಿ ಭಗತ್ ಸಿಂಗ್ ತಾನೇಕೆ ನಾಸ್ತಿಕ ಎಂದು ಬರೆದ. ಅವನಿಗೆ ಆಗಷ್ಟೇ 23 ತುಂಬಿತ್ತು. ಅದೇ ಸೆರೆಮನೆಯಲ್ಲಿದ್ದ ಹಿರಿಯ ಕ್ರಾಂತಿಕಾರಿ ಬಾಬಾ ರಣಧೀರ್ ಸಿಂಗ್ ಆತನಲ್ಲಿ ದೈವಭಕ್ತಿ ಹುಟ್ಟಿಸಲು ಯತ್ನಿಸಿ, ಆಗದೆ, ಇದೆಲ್ಲ ನಿನ್ನ ಅಹಂಕಾರ ಎಂದಿದ್ದರು. ಅದಕ್ಕೆ ಕೊಟ್ಟ ಉತ್ತರ ಆ ಲೇಖನ. ಹಿಂದೂವಾದರೆ ಮುಂದಿನ ಜನ್ಮದಲ್ಲಿ ರಾಜನಾಗುವ ಆಸೆಯಿಟ್ಟುಕೊಳ್ಳಬಹುದು, ಮುಸಲ್ಮಾನನೋ ಕ್ರೈಸ್ತನೋ ಆದರೆ ಸ್ವರ್ಗದ ಸುಖ ನೆನೆಯಬಹುದು. ತನಗೆ ಕುಣಿಕೆ ಬಿಗಿದು ಹಲಗೆ ಜಾರಿದ ಆ ಗಳಿಗೆಯೇ ಕೊನೆಯ ಗಳಿಗೆ, ಆಚೆ ಏನೂ ಇಲ್ಲ ಎಂಬ ಅರ್ಥದಲ್ಲಿ ಬರೆಯುತ್ತಾನೆ. ಪ್ರತಿಫಲವಿಲ್ಲದ ಸಣ್ಣ ಬದುಕೇ ತನಗೆ ಬಹುಮಾನ ಎನ್ನುತ್ತಾನೆ. 1931ರ ಮಾರ್ಚ್ 23ರಂದು ಅವನನ್ನು ಗಲ್ಲಿಗೇರಿಸಿದರು. 'ಶರಣರ ಗುಣ ಮರಣದಲ್ಲಿ ನೋಡು' ಎಂಬ ನಮ್ಮ ಗಾದೆಯಲ್ಲಿರುವ ಶರಣ ಯಾರೂ ಆಗಬಹುದು ಎಂದು ಈ ಲೇಖನ ಓದಿದಾಗಲೆಲ್ಲ ನನಗೆ ತೋರುತ್ತದೆ.

ಹಾಗೆಂದು ಇಹದ ಲೆಕ್ಕ ನಾಸ್ತಿಕರ ಸ್ವತ್ತೇನೂ ಅಲ್ಲ. ನಂಬುವವರ ಒಳಗೂ ದೇವರ ಹೆಗಲಿಗೆ ಎಲ್ಲವನ್ನೂ ದಾಟಿಸಬಾರದೆಂಬ ಎಚ್ಚರವಿದೆ. ಇಸ್ಲಾಮಿನಲ್ಲಿ ಹುತಾತ್ಮನ ಎಲ್ಲ ಪಾಪಗಳೂ ಮನ್ನಾ ಆಗುತ್ತವೆ, ಸಾಲವೊಂದನ್ನು ಬಿಟ್ಟು ಎಂಬ ಹದೀಸ್ ಇದೆ. ದೇವರಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸಬಹುದು, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಕ್ಷಮಿಸಬೇಕು. ನಮ್ಮೂರ ಸಾಬರ ಮನೆಯಲ್ಲಿ ಸಾವಾದಾಗ, ಜನಾಜಾ ನಮಾಜಿಗೆ ಮುಂಚೆ ಮಗ ನಿಂತು, 'ನಮ್ಮ ತಂದೆ ಯಾರಿಗಾದರೂ ಕೊಡುವುದಿದ್ದರೆ ನನ್ನನ್ನು ಕೇಳಿ, ಯಾರ ಮನಸ್ಸನ್ನಾದರೂ ನೋಯಿಸಿದ್ದರೆ ಮಾಫ್ ಮಾಡಿ' ಎಂದದ್ದನ್ನು ಅಪ್ಪ ನೋಡಿ ಬಂದು ಊಟ ಮಾಡದೆ ಮಲಗಿದ್ದರು. ನಾನು ಜ್ವರವೇ ಎಂದು ಕೇಳಿದೆ. ಅಲ್ಲ ಎಂದರು.

ಈಗ ಆ ಕೈಗಡದ ಪುಸ್ತಕ. ಉದ್ದನೆಯ, ರಟ್ಟಿನ ಹೊದಿಕೆಯ ಲೆಕ್ಕದ ಪುಸ್ತಕ. ಯಾರಿಂದ ಯಾವತ್ತು ಎಷ್ಟು ತಂದದ್ದು, ಯಾವತ್ತು ಕೊಟ್ಟದ್ದು ಎಂದು ಐವತ್ತು ವರ್ಷದ ಲೆಕ್ಕ. ದುಡ್ಡಷ್ಟೇ ಅಲ್ಲ: ಎರಡು ಸೇರು ಭತ್ತ, ಒಂದು ದಿನದ ಎತ್ತು, ಮಗಳ ಹೆರಿಗೆಗೆ ಗಾಡಿ. ತೀರಿದ ಪ್ರತಿ ಸಾಲಿನ ಮೇಲೂ ಅಡ್ಡಗೆರೆ. ಕೊನೆಯ ಕಾಯಿಲೆಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಅದನ್ನು ನನ್ನ ಕೈಗಿಟ್ಟರು. ಗೆರೆ ಬೀಳದ ಸಾಲು ಒಂದೇ ಇತ್ತು. ಒಬ್ಬ ಹುಡುಗನ ಹೆಸರು, 1961, ಏಳನೇ ತರಗತಿ. ಮೊತ್ತದ ಜಾಗ ಖಾಲಿ.

ಶಾಲೆಯಲ್ಲಿ ಮಕ್ಕಳಿಂದ ಕೂಡಿಸಿದ್ದ ಎಂಟು ರೂಪಾಯಿ ಕಾಣೆಯಾಗಿತ್ತು. ಆ ಹುಡುಗ ಬಡವ, ಅವನ ಮೇಲೇ ಎಲ್ಲರ ಕಣ್ಣು. ಅಪ್ಪ ಹುಣಸೆ ಬರಲಿನಿಂದ ಎಲ್ಲರೆದುರಿಗೆ ಅವನನ್ನು ಹೊಡೆದರು. ಅವನು ಮರುದಿನ ಬರಲಿಲ್ಲ, ಮತ್ತೆಂದೂ ಬರಲಿಲ್ಲ. ಮನೆಯವರು ಗುಳೆ ಹೋದರು. ಎರಡು ತಿಂಗಳ ಮೇಲೆ ಆ ಎಂಟು ರೂಪಾಯಿ ಹಾಜರಿ ಪುಸ್ತಕದ ರಟ್ಟಿನ ಒಳಗೆ ಸಿಕ್ಕಿತು, ಅಪ್ಪನೇ ಇಟ್ಟು ಮರೆತದ್ದು.

'ಹುಡುಕಬೇಕಾಗಿತ್ತು. ನಾಳೆ, ನಾಳೆ ಅಂದೆ. ನಾಚಿಕೆ' ಎಂದರು ಅಪ್ಪ. ಅಮ್ಮ ಅವರ ಕಾಲೊತ್ತುತ್ತ ಕೂತಿದ್ದಳು. 'ಈ ಜನ್ಮದಲ್ಲಿ ಆಗ್ಲಿಲ್ಲ ಅಂದ್ರೆ ಮುಂದಿನ ಜನ್ಮದಲ್ಲಿ ತೀರಿಸ್ತೀರಿ ಬಿಡಿ. ಅವನ ಮಗನಾಗಿ ಹುಟ್ಟಿ ಸಾಕ್ತೀರಿ' ಎಂದಳು. ಎಷ್ಟು ಪ್ರೀತಿಯಿಂದ ಅಂದಳೆಂದರೆ, ಅಪ್ಪ ಒಂದು ಗಳಿಗೆ ಅದನ್ನು ನಂಬಲಿ ಎಂದು ನಾನು ಆಸೆಪಟ್ಟೆ. ನಂಬಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತು. ಅಪ್ಪ ಅವಳ ಕೈ ಹಿಡಿದುಕೊಂಡು, 'ನನಗೆ ಆ ವಾಯಿದೆ ಇಲ್ಲವಲ್ಲ' ಎಂದರು. ಶಿವರಾತ್ರಿಗೆ ಮುಂಚೆ ಹೋದರು. ಅವರ ಇಷ್ಟದಂತೆ ಮಂತ್ರವಿರಲಿಲ್ಲ. ಅಮ್ಮನ ಇಷ್ಟದಂತೆ ಬಾಯಿಗೆ ನೀರು ಬಿಟ್ಟೆವು.

ದೇವರನ್ನು ನಂಬದವನ ಸಾವಿನಲ್ಲಿ ಹೆದರಿಕೆ ಹೆಚ್ಚೆಂದು ಹೇಳುವವರಿದ್ದಾರೆ. ಅಪ್ಪನಿಗೆ ಹೆದರಿಕೆ ಇರಲಿಲ್ಲ, ಇಲ್ಲವಾಗುವುದರ ಬಗ್ಗೆ ಅವರಿಗೆ ಎಳ್ಳಷ್ಟೂ ಅಳುಕಿರಲಿಲ್ಲ. ಅವರನ್ನು ಸುಟ್ಟದ್ದು ಆ ಒಂದು ಸಾಲು. ಅಪನಂಬಿಕೆ ಒಬ್ಬ ಮನುಷ್ಯನಿಂದ ಏನನ್ನು ಕೇಳುತ್ತದೆಂದು ಅದರಿಂದ ನನಗೆ ಗೊತ್ತಾಯಿತು. ಮುಂದಕ್ಕೆ ಹಾಕುವಂತಿಲ್ಲ, ಇನ್ನೊಬ್ಬರ ಮೂಲಕ ಕಳಿಸುವಂತಿಲ್ಲ. ಅಷ್ಟು ಬಿಗಿಯಾದ ಲೆಕ್ಕವನ್ನು ಇಟ್ಟುಕೊಂಡೂ ನಾಚಿಕೆಯೊಂದಕ್ಕೆ ಸೋತು ಮೂವತ್ತೇಳು ವರ್ಷ ಕಳೆದದ್ದು ನಮ್ಮಪ್ಪನ ತಪ್ಪು. ಅಮ್ಮನ ನಂಬಿಕೆ ಆ ತಪ್ಪನ್ನು ಸಣ್ಣದು ಮಾಡಿ ತೋರಿಸುತ್ತಿತ್ತು. ಅದನ್ನು ಅದರ ನಿಜವಾದ ಅಳತೆಯಲ್ಲೇ ಕಂಡು ಸತ್ತರಲ್ಲ, ಅದಕ್ಕೆ ನನಗೆ ಅವರ ಮೇಲೆ ಗೌರವ.

ಹುಡುಕಿದೆ. ಎರಡು ವರ್ಷ ಹಿಡಿಯಿತು. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಹಮಾಲಿಯಾಗಿ ಸೇರಿ, ಈಗ ಅಲ್ಲೇ ಹತ್ತಿರ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದರು. ಐವತ್ತು ದಾಟಿದ ವಯಸ್ಸು, ಹಣೆಯ ತುಂಬ ವಿಭೂತಿ, ಗಲ್ಲಾಪೆಟ್ಟಿಗೆಯ ಮೇಲೆ ಸಿದ್ಧಗಂಗಾ ಶ್ರೀಗಳ ಚಿತ್ರ. ನಾನು ಯಾರ ಮಗಳೆಂದು ಹೇಳಿದೆ, ಪುಸ್ತಕದ ಆ ಪುಟ ತೆರೆದು ತೋರಿಸಿದೆ. ಅವರು ತಮ್ಮ ಹೆಸರನ್ನು ಬಹಳ ಹೊತ್ತು ನೋಡಿದರು. ಓದಲು ಮರೆತಿದ್ದರೋ ಏನೋ, ಬೆರಳಿಟ್ಟುಕೊಂಡು ಒಂದೊಂದೇ ಅಕ್ಷರ ಓದಿದರು. ಚಂದ್ರಗಿರಿಯ ಬಂಡೆಯ ಮೇಲೆ ನಾನು ಓದುತ್ತಿದ್ದ ಹಾಗೆ.

'ಎಂಟು ರೂಪಾಯಿ ಸಿಕ್ತಾ?' ಎಂದರು.

ಸಿಕ್ಕಿತು ಎಂದೆ. ಎಲ್ಲಿ ಸಿಕ್ಕಿತೆಂದೂ ಹೇಳಿದೆ. ಅಪ್ಪನ ಪರವಾಗಿ ತಪ್ಪಾಯಿತು ಎಂದು ಕೈಮುಗಿದೆ.

'ನೀವ್ಯಾಕೆ ಕೈಮುಗೀತೀರಮ್ಮ, ನೀವು ನನಗೇನು ಮಾಡಿದ್ರಿ?' ಎಂದರು. ಪುಸ್ತಕ ಮುಚ್ಚಿ ಎರಡೂ ಕೈಯಿಂದ ನನಗೆ ವಾಪಸ್ಸು ಕೊಟ್ಟರು. 'ಮೇಷ್ಟ್ರೇ ಬರ್ಬೇಕಾಗಿತ್ತು.'

ಪಕ್ಕದ ಹೋಟೆಲಿಗೆ ಹೇಳಿ ಕಾಫಿ ತರಿಸಿದರು. ಕುಡಿದೆ. ಅಮ್ಮನಿಗೆಂದು ಎರಡು ತೆಂಗಿನಕಾಯಿ ಚೀಲಕ್ಕೆ ಹಾಕಿಕೊಟ್ಟರು, ದುಡ್ಡು ಎಷ್ಟು ಹೇಳಿದರೂ ಮುಟ್ಟಲಿಲ್ಲ. ಊರಿಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ತೆಂಗಿನಕಾಯಿಯನ್ನು ದೇವರ ಮುಂದೆ ಇಡಲಿಲ್ಲ. ಕೈಗಡದ ಪುಸ್ತಕದಲ್ಲಿ ಬರೆದುಕೋ ಎಂದಳು. ಅಪ್ಪನ ಪೆನ್ಸಿಲಿನಲ್ಲೇ, ಗೆರೆ ಬೀಳದ ಆ ಸಾಲಿನ ಕೆಳಗೆ, ಎರಡು ತೆಂಗಿನಕಾಯಿ ಎಂದು ಬರೆದೆ.